ಉತಾರ ನಿನ್ನ ಹೆಸರಿಗಿರಲಿ

ನೋಡವಾ ತಂಗಿ, ನವಲಗುಂದದ ಜಮಖಾನಾ ನೇಯೂ ಹೆಣ್ಮಕ್ಕಳ ಮಾತು, ಕಲಘಟಗಿ ತೊಟ್ಟಿಲಿಗೆ ಅರಗಿನ ಬಣ್ಣಾ ಹಚ್ಚೋರ ಕೆಲಸ, ಕುಂದಗೋಳದಾಗ ಗಾಯಕ ಸವಾಯಿ ಗಂಧರ್ವರ ನೆನಪು, ಇವನ್ನೆಲ್ಲಾ ಬರದು ಬ್ಲಾಗಿನ್ಯಾಗ ಇಡತೀನಿ ಅಂದಿ. ಕೇಳಿ ಭಾಳ ಸಂತೋಷಾತು. ನವಲಗುಂದದ ಜಮಖಾನಾಕ್ಕ 2011ರಾಗ ಭೌಗೋಳಿಕ ಗುರುತು ಸಿಕ್ಕೈತಿ. ಆದ್ರ ಮಗ್ಗದ ಮುಂದ ಕುಂತ ಅಜ್ಜಿ ಹೇಳೂ ಮಾತು ಆ ಕಾಗದದಾಗ ಇರಂಗಿಲ್ಲ. ಅದನ್ನ ನಿಮ್ಮಂಥವರ ಬರೀಬೇಕು.

ಪುಕ್ಕಟೆ ಸಿಗೂ ಬ್ಲಾಗರಿನ್ಯಾಗ ಬರೀಲೋ, ಸರ್ವರ್ ಬಾಡಿಗಿ ಹಿಡದು ವರ್ಡ್‌ಪ್ರೆಸ್ ಹಾಕಲೋ ಅಂತ ಕೇಳೀದಿ. ಈಗ ಬ್ಲಾಗರಿನ್ಯಾಗ ಶುರು ಮಾಡು, ಆದ್ರ ವಿಳಾಸ ಮಾತ್ರ ನಿನ್ನ ಸ್ವಂತದ್ದಿರಲಿ. ಲಾವಣಿಗೆ ಹಿಡದ ಹೊಲದಾಗೂ ಚಲೋ ಬೆಳಿ ಬರತೈತಿ, ಆದ್ರ ಜಮೀನಿನ ಉತಾರದಾಗ ನಿನ್ನ ಹೆಸರಿರಂಗಿಲ್ಲ. ಅಂತರ್ಜಾಲದಾಗ ಉತಾರ ಅಂದ್ರ ಡೊಮೇನ್ ಹೆಸರು. ವರ್ಷಕ್ಕ ಒಂದಿಷ್ಟು ರೊಕ್ಕಾ ಕಟ್ಟಿ ಆ ಹೆಸರು ತಗೊಂಡು ಬ್ಲಾಗರಿಗೆ ಜೋಡಿಸಿದ್ರಾತು, ಓದೋರು ನಿನ್ನ ವಿಳಾಸಕ್ಕ ಬರತಾರ. ನಾಳೆ ನೀ ಬ್ಯಾರೆ ಕಡೆ ಹ್ವಾದ್ರೂ ವಿಳಾಸ ಅದ ಇರತೈತಿ.

ಇದನ್ನ ಯಾಕ ಒತ್ತಿ ಹೇಳತೀನಿ ಅಂದ್ರ, ದೊಡ್ಡ ಕಂಪನಿ ಅಂದಕೂಡಲೆ ಶಾಶ್ವತ ಅಂತ ತಿಳಕೋಬಾರದು. ಜಿಯೋಸಿಟೀಸ್ ಒಂದ ಕಾಲಕ್ಕ ಜಗತ್ತಿನ ಮಂದಿ ಪುಟಾ ಕಟ್ಟಿಕೊಂಡಿದ್ದ ಜಾಗಾ. 2009ರಾಗ ಯಾಹೂ ಅದನ್ನ ಮುಚ್ಚಿತು. ಪೋಸ್ಟೆರಸ್ ಅನ್ನೂ ಬ್ಲಾಗ್ ತಾಣಾ 2013ರಾಗ ಹೋತು, ಗೂಗಲ್ ಪ್ಲಸ್ 2019ರಾಗ. ನಮ್ಮ ದೇಶದಾಗ 2006ರ ಜುಲೈ ತಿಂಗಳು ಇನ್ನೊಂದು ನಡೀತು. ಸರ್ಕಾರ ಕೆಲವು ಪುಟಾ ಮುಚ್ಚರಿ ಅಂದ್ರ, ಇಂಟರ್ನೆಟ್ ಕೊಡೋ ಕಂಪನಿಯವರು ಬ್ಲಾಗರಿನ ಬ್ಲಾಗ್‌ಸ್ಪಾಟ್ ಅನ್ನೂದನ್ನ ಇಡಿಯಾಗಿ ತಡದುಬಿಟ್ರು. ಯಾರದೋ ನಾಕು ಪುಟದ ಸಲುವಾಗಿ ಅಡಗಿ ಬಗ್ಗೆ ಬರಿಯೋರದೂ ಕವಿತಾ ಬರಿಯೋರದೂ ಕಾಣದಂಗಾತು.

ಹಂಗಾದ್ರ ಸ್ವಂತದ್ದ ಚಲೋ ಅಲ್ಲೇನು ಅಂತೀ. ಚಲೋನ, ನೋಡಿಕೊಳ್ಳೋರಿದ್ರ. ವರ್ಡ್‌ಪ್ರೆಸ್ ಪುಕ್ಕಟೆ ಐತಿ, ಆದ್ರ ಅದರ ಚಾಕ್ರಿ ಪುಕ್ಕಟೆ ಅಲ್ಲ. ಹೊಸಾ ಆವೃತ್ತಿ ಬಂದಾಗ ಹಾಕಬೇಕು, ಪ್ಲಗಿನ್ ಹಳೇವಾದ್ರ ಕಳ್ಳರು ಒಳಗ ಹೊಗತಾರ, ಬ್ಯಾಕಪ್ ನೀನ ತಗೀಬೇಕು. ಹಳೇ ಡೇಟಾಬೇಸ್ ಕನ್ನಡಕ್ಕ ಹೊಂದದಿದ್ರ, ಒಂದ ಸರ್ವರಿನಿಂದ ಇನ್ನೊಂದಕ್ಕ ಒಯ್ಯೂವಾಗ ಅಕ್ಷರದ ಜಾಗಾದಾಗ ಬರೇ ಪ್ರಶ್ನಾರ್ಥಕ ಚಿಹ್ನೆ ಉಳೀತಾವ. ಇಂಗ್ಲಿಷಿನವರಿಗೆ ಈ ತ್ರಾಸು ಗೊತ್ತ ಆಗಂಗಿಲ್ಲ. ಕನ್ನಡದಾಗ ಸ್ವಂತ ತಾಣಾ ಕಟ್ಟಿದವರಿಲ್ಲಂತಲ್ಲ. ಹರಿಪ್ರಸಾದ್ ನಾಡಿಗ್ 2005ರಾಗ ದ್ರುಪಲ್ ಅನ್ನೂ ತಂತ್ರಾಂಶದ ಮ್ಯಾಲೆ ‘ಸಂಪದ’ ಕಟ್ಟಿದ್ರು, ಅದರಾಗ ಎಷ್ಟೋ ಮಂದಿ ಬರಿಯಾಕ ಕಲತ್ರು. ಆದ್ರ ಅವರಿಗೆ ತಂತ್ರಜ್ಞಾನದ ಕೆಲಸ ಕೈಗೆ ಹತ್ತಿತ್ತು. ಜಿ.ಎನ್. ಮೋಹನ್ ಅವರ ‘ಅವಧಿ’ ಮೊದಲ ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನೂ ಪುಕ್ಕಟೆ ಅಂಗಳದಾಗ ಬೆಳದು, ಆಮ್ಯಾಲೆ ಸ್ವಂತ ವಿಳಾಸಕ್ಕ ಹೋತು. ಆ ಹಾದಿ ನನಗ ಭಾಳ ಮೆಚ್ಚಿಗಿ. ಮೊದಲ ಬರಿಯೂದು ಗಟ್ಟಿ ಆಗಲಿ.

ಮನ್ಯಾಗಿನ ಕಂಪ್ಯೂಟರನ್ನ ಸರ್ವರ್ ಮಾಡತೀನಿ ಅಂತ ಮಾತ್ರ ಹೊಂಟೀಗಿಂಟೀಯಾ, ಬ್ಯಾಡ. ಮುಂಗಾರಿ ಗಾಳಿಗೆ ಕರೆಂಟ ಹೋದ್ರ ನಿನ್ನ ಬ್ಲಾಗೂ ಹೋಗತೈತಿ.

ಬ್ಲಾಗರಿನ್ಯಾಗ ಇನ್ನೊಂದು ನೋಡಿಕೋ. ಕನ್ನಡದ ತಲೆಬರಹ ಕೊಟ್ರ ಅದು ಲಿಂಕಿನ್ಯಾಗ ಕನ್ನಡ ಬಿಟ್ಟು ‘ಬ್ಲಾಗ್ ಪೋಸ್ಟ್’ ಅಂತ ಒಂದ ಹೆಸರನ್ನ ಎಲ್ಲಾದಕ್ಕೂ ಅಂಕಿ ಹಚ್ಚಿ ಇಡತೈತಿ. ಪ್ರಕಟಣೆ ಮಾಡೂಕಿಂತ ಮೊದಲ ಪರ್ಮಾಲಿಂಕ್ ಅನ್ನೂ ಜಾಗಾದಾಗ ಇಂಗ್ಲಿಷ್ ಅಕ್ಷರದಾಗ ಜಮಖಾನಾ, ತೊಟ್ಟಿಲು ಅಂತ ನೀನ ಬರಿ. ಆಮ್ಯಾಲೆ ಹುಡುಕಾಕ ಹಗುರಾಗತೈತಿ. ಯುನಿಕೋಡಿನ್ಯಾಗ ಬರಿ. ‘ನುಡಿ’, ‘ಬರಹ’ ತಂತ್ರಾಂಶದ ಹಳೇ ಫಾಂಟಿನ್ಯಾಗ ಕೂಡಿಸಿಟ್ಟಿದ್ರ ಮೊದಲ ಪರಿವರ್ತಿಸು, ಇಲ್ಲಂದ್ರ ಓದೋರಿಗೆ ಗೀಚಿದಂಗ ಕಾಣತೈತಿ.

ತಿಂಗಳಿಗೊಮ್ಮೆ ಬ್ಲಾಗರಿನ ಸೆಟ್ಟಿಂಗಿನ್ಯಾಗ ಹೋಗಿ ಬ್ಯಾಕಪ್ ಇಳಿಸಿಕೋ. ಆ ಫೈಲಿನ್ಯಾಗ ಬರಹ ಬರತೈತಿ, ಫೋಟೋ ಬರಂಗಿಲ್ಲ. ಜಮಖಾನಾದ ಫೋಟೋ, ಅಜ್ಜಿಯ ದನಿಯ ರೆಕಾರ್ಡು ಎರಡೂ ಬ್ಯಾರೆ ಹಾರ್ಡ್‌ಡಿಸ್ಕಿನ್ಯಾಗ ಇಡು. ಒಂದ ಪ್ರತಿ ನಿನ್ನ ಮನ್ಯಾಗ, ಇನ್ನೊಂದು ನಿಮ್ಮಣ್ಣನ ಮನ್ಯಾಗ. ಮುಖ್ಯ ಪುಟಾ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಶಿನ್ನಿನ್ಯಾಗೂ ಉಳಿಸು, ಅದಕ್ಕ ರೊಕ್ಕಾ ಇಲ್ಲ.

ಡೊಮೇನ್ ನಿನ್ನ ಹೆಸರಿಗೆ, ನಿನ್ನ ಇಮೇಲಿಗೆ ತಗೋ. ಮಾಡಿಕೊಡೋ ಹುಡುಗನ ಹೆಸರಿಗೆ ಬ್ಯಾಡ. ವರ್ಷದ ರೊಕ್ಕಾ ತಪ್ಪಿಸಿದ್ರ ಆ ಹೆಸರು ಮತ್ತೊಬ್ಬರು ಕೊಂಡು ಜೂಜಿನ ಜಾಹೀರಾತು ಹಾಕಾಕ ಬರತೈತಿ, ಅಜ್ಜಿಯ ಫೋಟೋ ಇದ್ದ ಜಾಗಾದಾಗ ಅದನ್ನ ನೋಡಬೇಕಾದೀತು. ಅದಕ್ಕ ಆಟೋ ರಿನ್ಯೂ ಚಾಲೂ ಇಡು, ಪಾಸ್‌ವರ್ಡ್ ಮನ್ಯಾಗ ನಂಬಿಗಸ್ತರೊಬ್ಬರಿಗೆ ಗೊತ್ತಿರಲಿ. ಮತ್ತ ಜಮಖಾನಾ ನೇಯೂ ಆ ಹೆಣ್ಮಕ್ಕಳನ್ನ ಕೇಳದ ಅವರ ಫೋಟೋ ಹಾಕಬ್ಯಾಡ, ಹಾಕಿದ ಮ್ಯಾಲೆ ಒಮ್ಮೆ ಅವರ ಮನಿಗೆ ಹೋಗಿ ಮೊಬೈಲಿನ್ಯಾಗ ತೋರಿಸಿ ಬಾ.