ಗಣಿ ಅಗೆದ ಬೆಟ್ಟಕ್ಕೆ ಮತ್ತೆ ಹಸಿರು: ಗಿಡಕ್ಕಿಂತ ಮೊದಲು ಮಣ್ಣು

ರಾಜೀವನಗರದಲ್ಲಿ ಹೊಸ ಮನೆ ಏಳ್ತಿದ್ರೆ ಕಬ್ಬಿಣದ ಸರಳು ಕಣ್ಣಿಗೆ ಬೀಳುತ್ತೆ. ಸಿವಿಲ್ ಓದೋ ನಾವು ಅದರ ಗ್ರೇಡು, ವ್ಯಾಸ ಎಲ್ಲ ಹೇಳ್ತೀವಿ. ಅದಿರು ತೆಗೆದ ಬೆಟ್ಟ ಆಮೇಲೆ ಏನಾಗುತ್ತೆ ಅನ್ನೋದು ಕೂಡ ನಮ್ಮ ವಿಷಯವೇ.

ಬಳ್ಳಾರಿಯ ಸಂಡೂರನ್ನೇ ತಗೊಳ್ಳಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕು ಅಂತಾಯ್ತು.

ಸಮಸ್ಯೆ ಇರೋದು ಅದಿರಿನ ಮೇಲಿದ್ದ ಮಣ್ಣು-ಕಲ್ಲು ಸುರಿದ ರಾಶಿಯಲ್ಲಿ. ಸಡಿಲವಾಗಿ ಸುರಿದರೆ ಅದು ಸುಮಾರು 35 ಡಿಗ್ರಿ ಇಳಿಜಾರಲ್ಲಿ ನಿಲ್ಲುತ್ತೆ. ಅಂದರೆ ಜಾರೋದಕ್ಕೆ ಕಾಯ್ತಾ ಇರುತ್ತೆ. ಒಂದು ಜೋರು ಮಳೆ ಸಾಕು, ಕೆಂಪು ಹೂಳು ಕೆಳಗಿನ ಹೊಲ, ಕೆರೆ ಸೇರುತ್ತೆ. ಹಾಗಾಗಿ ಮೊದಲು ಇಳಿಜಾರು ತಗ್ಗಿಸಿ, ಒಳಮುಖ ವಾಲಿದ ಮೆಟ್ಟಿಲು ಮಾಡಿ, ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ ಕೊಡಬೇಕು. ಮೇಲೆ ತೆಂಗಿನ ನಾರಿನ ಚಾಪೆ ಹಾಸ್ತಾರೆ. ಅದು ಕೆಲವೇ ವರ್ಷದಲ್ಲಿ ಕೊಳೆಯುತ್ತೆ, ಕೊಳೆಯಲೇಬೇಕು! ಅಷ್ಟರೊಳಗೆ ಹುಲ್ಲಿನ ಬೇರು ಮಣ್ಣು ಹಿಡಿದಿರಬೇಕು.

ಇನ್ನು ಮೇಲ್ಮಣ್ಣು. ನನ್ನ ಪ್ರಕಾರ ಇಡೀ ಲೆಕ್ಕ ಇಲ್ಲೇ ಇದೆ. ಮೇಲಿನ ಒಂದು ಗೇಣಿನಷ್ಟು ಮಣ್ಣಲ್ಲಿ ಊರಿನ ಬೀಜ ಇದೆ, ಬೇರಿಗೆ ರಂಜಕ ಒದಗಿಸೋ ಶಿಲೀಂಧ್ರ ಇದೆ. ಎತ್ತರಕ್ಕೆ ಗುಡ್ಡೆ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಇವು ಸಾಯುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಬಾಕ್ಸೈಟ್ ಗಣಿಗಳಲ್ಲಿ ಹೊಸ ಗುಂಡಿಯಿಂದ ತೆಗೆದ ಮೇಲ್ಮಣ್ಣನ್ನ ಸಾಧ್ಯವಾದಾಗೆಲ್ಲ ನೇರವಾಗಿ ಹಳೆ ಗುಂಡಿಗೆ ಹರಡ್ತಾರೆ. ಲಾರಿ ಅದೇ, ಡೀಸೆಲ್ ಅದೇ. ಬದಲಾಗಿದ್ದು ವೇಳಾಪಟ್ಟಿ ಅಷ್ಟೆ. ಮೇಲ್ಮಣ್ಣು ಕಲ್ಲಿನ ರಾಶಿಯಡಿ ಹೂತುಹೋಗಿದ್ರೆ ಪಕ್ಕದ ಕಾಡಿಂದ ಬೀಜ ಆರಿಸಿ ತರದೆ ಬೇರೆ ದಾರಿಯಿಲ್ಲ.

ಯಾವ ಬೀಜ? ಬಯಲುಸೀಮೆ ಬೆಟ್ಟಕ್ಕೆ ಮೊದಲು ಹುಲ್ಲು, ಜೊತೆಗೆ ಬರ ತಡೆಯೋ ತಂಗಡಿ, ಬಂದರಿಕೆಯಂಥ ಪೊದೆಗಳು. ನೆಲ ತಂಪಾದ ಮೇಲೆ ದಿಂಡಿಗ, ಕಮರ. ಅಕೇಶಿಯಾ ನೆಟ್ಟರೆ ಬೇಗ ಹಸಿರಾಗುತ್ತೆ, ಫೋಟೋಗೂ ಚೆನ್ನ. ಆದರೆ ಅದು ನಮ್ಮ ಕಾಡಲ್ಲ.

ಕುದುರೆಮುಖದಲ್ಲಿ ಪ್ರಶ್ನೆಯೇ ಬೇರೆ. ಅಲ್ಲಿ ಗಣಿ ನಿಂತಿದ್ದು 2005ರ ಕೊನೆಗೆ. ಆ ಬೆಟ್ಟದ ನೆತ್ತಿ ಮೂಲದಲ್ಲೇ ಹುಲ್ಲುಗಾವಲು, ಶೋಲಾ ಕಾಡು ಕಣಿವೆಗಳಲ್ಲಿ ಮಾತ್ರ. ಹುಲ್ಲಿದ್ದ ಜಾಗಕ್ಕೆ ಮರ ತುಂಬಿದರೆ ಅದನ್ನ ಪುನಶ್ಚೇತನ ಅನ್ನೋಕಾಗಲ್ಲ.

ಸಸಿಗಳ ಸಂಖ್ಯೆ ನೋಡಿ ಅಂಕ ಕೊಡಬೇಡಿ. ಮೂರ್ನಾಲ್ಕು ಮಳೆಗಾಲ ಕಳೆದ ಮೇಲೆ ಹೋಗಿ, ಯಾರೂ ನೆಡದ ಮೊಳಕೆ ಎಷ್ಟಿದೆ, ಬುಡದ ಕಾಲುವೆಯಲ್ಲಿ ಹರಿಯೋ ನೀರು ಇನ್ನೂ ಕೆಂಪಗಿದೆಯಾ ನೋಡಿ.