ಜೇಬಿನ ಚಾಕು ವಾಲಿದಾಗ

ದಾಳಿಂಬೆಯಲ್ಲಿ ಗೂಟಿ ಕಟ್ಟಿ ಸಸಿ ಮಾಡುವವರಿಗೆ ಹರಿತವಾದ ಚಾಕು ಬೇಕೇ ಬೇಕು. ಪೆನ್ಸಿಲ್ ಗಾತ್ರದ ರೆಂಬೆಯ ಸುತ್ತ ಎರಡು ಗೀರು ಹಾಕಿ, ನಡುವಿನ ತೊಗಟೆಯನ್ನು ಸುಮಾರು ಎರಡು ಸೆಂಟಿಮೀಟರ್ ಅಗಲದ ಉಂಗುರದಂತೆ ಬಿಡಿಸಬೇಕು. ಅಲಗು ಚೂಪಿದ್ದರೆ ತೊಗಟೆ ಸಲೀಸಾಗಿ ಕಳಚಿಕೊಳ್ಳುತ್ತದೆ, ಮೊಂಡಾಗಿದ್ದರೆ ನಾರುನಾರಾಗಿ ಹರಿಯುತ್ತದೆ. ಬೆಳಿಗ್ಗೆ ಸಾಣೆ ಹಿಡಿದ ಚಾಕು ಮಧ್ಯಾಹ್ನಕ್ಕೇ ಮೊಂಡಾಯಿತೆಂದು ಉಕ್ಕನ್ನು ಬೈಯುವವರು ಹೊಸದುರ್ಗ, ಹಿರಿಯೂರಿನ ತೋಟಗಳಲ್ಲಿ ಕಡಿಮೆಯೇನಿಲ್ಲ. ಎಷ್ಟೋ ಸಲ ತಪ್ಪು ಉಕ್ಕಿನದಲ್ಲ. ಮಡಚಿದಾಗ ಅಲಗು ಹಿಡಿಯ ನಡುವೆ ಕೂರದೆ ಒಂದು ಬದಿಗೆ ವಾಲಿ, ಒಳಗಿನ ತಗಡಿಗೆ ಉಜ್ಜುತ್ತಿರುತ್ತದೆ.

ಮೊದಲು ಕಾಯಿಲೆ ನಿಜವೇ ಎಂದು ನೋಡಬೇಕು. ಚಾಕು ಮಡಚಿ, ಬೆಳಕಿಗೆ ಹಿಡಿದು, ಅಲಗು ಕೂರುವ ಸಂದನ್ನು ಮೇಲಿನಿಂದ ಗಮನಿಸಿ. ಎರಡೂ ಕಡೆ ಬೆಳಕು ತೂರಿ ಬಂದರೆ, ಅಂತರದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೈ ಹಚ್ಚದಿರುವುದೇ ಜಾಣತನ. ಅಲಗಿನ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಬಳಿದು ಹತ್ತು ಸಲ ಬಿಚ್ಚಿ ಮಡಚಿದರೆ ಉಜ್ಜುವ ಜಾಗದಲ್ಲಿ ಮಸಿ ಅಳಿಸಿಹೋಗುತ್ತದೆ. ಅಳಿಸದಿದ್ದರೆ ಚಾಕು ಜೇಬಿಗೆ ಸೇರಲಿ.

ಈ ಸೀಮೆಯಲ್ಲಿ ಅಲಗು ವಾಲಲು ಒಂದು ವಿಶೇಷ ಕಾರಣವೂ ಇದೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ಗಿಡದಿಂದ ಗಿಡಕ್ಕೆ ಹರಡದಿರಲೆಂದು ಚಾಕು, ಕತ್ತರಿಗಳನ್ನು ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುವ ರೂಢಿಯಿದೆ. ಅದ್ದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಲೋರಿನ್ ಇರುವ ಆ ನೀರು ಕೀಲಿನೊಳಗೆ ನಿಂತರೆ ಉಕ್ಕನ್ನು ಬೇಗ ತುಕ್ಕು ಹಿಡಿಸುತ್ತದೆ. ಅದರ ಜೊತೆಗೆ ಬಯಲುಸೀಮೆಯ ದೂಳು, ಎಳನೀರಿನ ಅಂಟು. ಕೀಲಿನ ಒಂದು ಬದಿಯಲ್ಲಿ ಇವೆಲ್ಲ ಹೆಪ್ಪುಗಟ್ಟಿದರೆ ಅಲಗು ಇನ್ನೊಂದು ಬದಿಗೆ ಸರಿಯದೆ ಇನ್ನೇನು ಮಾಡೀತು!

ಹಾಗಾಗಿ ಸ್ಕ್ರೂ ಡ್ರೈವರ್‌ಗಿಂತ ಮೊದಲು ಬೇಕಾದದ್ದು ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು. ಚಾಕು ಬಿಚ್ಚಿ ಕೀಲಿನ ಸುತ್ತ ತಿಕ್ಕಿ, ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಬಹಳಷ್ಟು ಚಾಕುಗಳು ಇಲ್ಲಿಗೇ ದಾರಿಗೆ ಬರುತ್ತವೆ.

ಬರದಿದ್ದರೆ ಮುಂದಿನದು ಸ್ಕ್ರೂ ಕೆಲಸ. ಇಂದಿನ ಚಾಕುಗಳಲ್ಲಿ ಹೆಚ್ಚಾಗಿ ನಕ್ಷತ್ರದ ಆಕಾರದ ತಲೆಯಿರುವ ಸ್ಕ್ರೂಗಳಿರುತ್ತವೆ. ಹಿಡಿಯ ಸ್ಕ್ರೂಗಳಿಗೆ ಟಿ-6, ಕೀಲಿನ ಸ್ಕ್ರೂಗೆ ಟಿ-8 ಬಿಟ್ ಸಾಮಾನ್ಯ. ಮೊಬೈಲ್ ರಿಪೇರಿ ಮಾಡುವವರ ಬಳಿಯೂ ಇಂಥ ಬಿಟ್‌ಗಳು ಇರುತ್ತವೆ. ಅಳತೆ ತಪ್ಪಿದ ಬಿಟ್ ತುರುಕಿ ಸ್ಕ್ರೂವಿನ ತಲೆ ಸವೆಸಿಕೊಂಡರೆ ಆಮೇಲೆ ಡ್ರಿಲ್ಲೇ ಗತಿ. ಅಲಗಿನ ಅಂಚಿಗೆ ದಪ್ಪ ಟೇಪು ಸುತ್ತಿಯೇ ಕೆಲಸ ಶುರುಮಾಡಬೇಕು.

ಎಲ್ಲ ಸ್ಕ್ರೂಗಳನ್ನೂ ಕಾಲು ಸುತ್ತು ಸಡಿಲಿಸಿ, ಬಿಚ್ಚಿ ತೆಗೆಯಬೇಡಿ. ಚಾಕು ಮಡಚಿ, ಅಲಗು ವಾಲಿದ ಬದಿಯಲ್ಲಿ, ಅಂದರೆ ಸಂದು ಕಿರಿದಾಗಿರುವ ಕಡೆ, ಕಾಗದವನ್ನು ಮಡಿಕೆ ಮಾಡಿ ತೂರಿಸಿ. ಅಲಗು ನಡುವಿಗೆ ಬರುವಷ್ಟು ಮಡಿಕೆ ಸಾಕು. ಆ ಸ್ಥಿತಿಯಲ್ಲೇ ಮೊದಲು ಕೀಲಿನ ಸ್ಕ್ರೂ, ಬಳಿಕ ಹಿಡಿಯ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಒಂದನ್ನೇ ಪೂರ್ತಿ ಬಿಗಿದರೆ ಹಿಡಿ ಮತ್ತೆ ಸೊಟ್ಟಗಾಗುತ್ತದೆ. ಕಾಗದ ತೆಗೆದು ನೋಡಿ. ಸರಿಹೋಗದಿದ್ದರೆ ಕ್ರಮ ಬದಲಿಸಿ ಮತ್ತೊಮ್ಮೆ. ಇದು ವೀಣೆಯ ತಂತಿ ಶ್ರುತಿ ಮಾಡಿದಂತೆ, ಒಂದೇ ಸಲಕ್ಕೆ ಕೂಡಿಬಂದರೆ ಅದೃಷ್ಟ.

ಕೀಲು ಎಷ್ಟು ಬಿಗಿ ಇರಬೇಕು? ಬಿಚ್ಚಿದ ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಕದಲಬಾರದು, ಹೆಬ್ಬೆರಳಿನಿಂದ ದೂಡಿದರೆ ತಡೆಯಿಲ್ಲದೆ ತೆರೆಯಬೇಕು. ಹದ ಸಿಕ್ಕ ಮೇಲೆ ಸ್ಕ್ರೂ ತಾನಾಗಿ ಸಡಿಲವಾಗದಿರಲು ಅದರ ಸುರುಳಿ ಎಳೆಗೆ ನೀಲಿ ಬಣ್ಣದ ಸ್ಕ್ರೂ ಅಂಟು ಒಂದು ತೊಟ್ಟು ಹಾಕಿ, ಒಂದು ದಿನ ಹಾಗೇ ಬಿಡಬಹುದು. ಕೆಂಪು ಅಂಟು ಬೇಡ, ಕಾಯಿಸದ ಹೊರತು ಅದು ಬಿಡುವುದಿಲ್ಲ.

ಇಷ್ಟಾದರೂ ಬಗ್ಗದಿದ್ದರೆ ಕೀಲಿನೊಳಗೆ ಅಲಗಿನ ಅಕ್ಕಪಕ್ಕ ಇರುವ ವಾಷರ್ ಸವೆದಿರಬಹುದು, ಆಗ ಚಾಕುವನ್ನು ಪೂರ್ತಿ ಬಿಚ್ಚಲೇಬೇಕು. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರೆ ಜೋಡಿಸುವಾಗ ಪೇಚಾಡಬೇಕಿಲ್ಲ. ಎಡದ ವಾಷರ್ ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲು ಮಾಡಿದರೆ ಕೆಲವೊಮ್ಮೆ ಅಷ್ಟರಲ್ಲೇ ಬಗೆಹರಿಯುತ್ತದೆ.

ಸಂತೆಯ ಅಗ್ಗದ ಚಾಕುಗಳ ಕಥೆ ಬೇರೆ. ಅವುಗಳಲ್ಲಿ ಸ್ಕ್ರೂ ಇಲ್ಲ, ರಿವೆಟ್ ಇದೆ. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ಸೀಮೆಯಲ್ಲಿ ಅಜ್ಜಿಯರ ಎಲೆ ಅಡಿಕೆ ಚೀಲದಲ್ಲಿರುವ ಅಡಕತ್ತರಿಯ ಕೀಲೂ ಇದೇ ಜಾತಿಯದು. ರಿವೆಟ್ ಸಡಿಲಾದರೆ ಅಡಿಕೆ ಹೋಳಾಗದೆ ಜಾರುತ್ತದೆ. ಮದ್ದು ಎರಡಕ್ಕೂ ಒಂದೇ. ರಿವೆಟ್‌ನ ಒಂದು ತಲೆಯನ್ನು ಅಡಿಗಲ್ಲಿನ ಮೇಲೆ ಊರಿ, ಇನ್ನೊಂದರ ಮೇಲೆ ಚಿಕ್ಕ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಎರಡು ಪೆಟ್ಟು, ಒಮ್ಮೆ ಆಡಿಸಿ ನೋಡುವುದು, ಮತ್ತೆರಡು ಪೆಟ್ಟು. ಅತಿಯಾಗಿ ಬಿಗಿದರೆ ಹಿಂದಕ್ಕೆ ತರುವುದು ಕಷ್ಟ.

ಅಲಗೇ ಬಾಗಿದ್ದರೆ? ಬೆನ್ನಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರೆ ತಿಳಿಯುತ್ತದೆ. ಇಕ್ಕಳದಲ್ಲಿ ಹಿಡಿದು ಬಗ್ಗಿಸುವ ಸಾಹಸ ಬೇಡ. ಹದ ಹಾಕಿದ ಉಕ್ಕು ಬಾಗುವ ಬದಲು ಪಟ್ಟನೆ ಮುರಿದು ಚೂರು ಕಣ್ಣಿಗೆ ಹಾರಬಹುದು. ಕಾಯಿಸಿ ನೆಟ್ಟಗೆ ಮಾಡಿದರೆ ಹದ ಇಳಿದು ಹರಿತ ನಿಲ್ಲುವುದಿಲ್ಲ. ಅನುಭವಿ ಕಮ್ಮಾರರ ಕೈಗೆ ಕೊಡುವುದು ಲೇಸು, ಇಲ್ಲವೇ ಹೊಸದು ಕೊಳ್ಳುವುದು.

ಕೊನೆಗೆ ಎಣ್ಣೆ. ತೆಂಗಿನ ತೋಟದವರ ಕೈ ತಾನಾಗಿ ಕೊಬ್ಬರಿ ಎಣ್ಣೆಯ ಕಡೆ ಹೋಗುತ್ತದೆ. ಮಾಗಿಯ ಚಳಿಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ದೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಕೀಲಿನ ಎರಡೂ ಬದಿಗೆ ಒಂದೊಂದು ತೊಟ್ಟು ಹಾಕಿ, ಹತ್ತಾರು ಸಲ ಬಿಚ್ಚಿ ಮಡಚಿ, ಹೊರಬಂದ ಕಪ್ಪು ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿಬಿಟ್ಟರೆ ಚಾಕು ಮತ್ತೆ ತೋಟಕ್ಕೆ ಸಿದ್ಧ.