ಸ್ಪೆಲ್ಲಿಂಗ್ ತಿದ್ದುವ ಮುನ್ನ ಅದು ತಪ್ಪೇ ಎಂದು ನೋಡಿ

ತಂತ್ರಾಂಶದ ದಾಖಲೆ ಓದುವಾಗ ಕಣ್ಣಿಗೆ ಬಿದ್ದ ಟೈಪಿಂಗ್ ತಪ್ಪನ್ನು ತಿದ್ದಿ ಕಳಿಸುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಅಭಿಮಾನ. ಓಪನ್ ಸೋರ್ಸ್ ಲೋಕಕ್ಕೆ ಕಾಲಿಡಲು ಇದಕ್ಕಿಂತ ಸುಲಭದ ಬಾಗಿಲಿಲ್ಲ. ಆದರೆ ಅವರ ತಿದ್ದುಪಡಿಗಳು ಒಂದೇ ಬಗೆಯ ಎಡವಟ್ಟಿನಿಂದ ಮತ್ತೆ ಮತ್ತೆ ತಿರಸ್ಕೃತವಾಗುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ವೆಬ್ ಕಲಿಯುವವರೆಲ್ಲ ತೆರೆಯುವ ಎಂಡಿಎನ್ ವೆಬ್ ಡಾಕ್ಸ್ ಅನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. 2020ರ ಡಿಸೆಂಬರ್‌ನಿಂದ ಅದರ ಪುಟಗಳ ಮೂಲ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿದೆ. ಗಿಟ್‌ಹಬ್ ಖಾತೆ ತೆರೆದು ಲಾಗಿನ್ ಆಗಿ. ಪುಟದ ತಳದಲ್ಲಿರುವ ಗಿಟ್‌ಹಬ್ ಕೊಂಡಿ ಒತ್ತಿದರೆ ಮೂಲ ಕಡತ ಸಿಗುತ್ತದೆ. ನೀವು ಕಂಡ ತಪ್ಪು ಅಲ್ಲಿ ಈಗಲೂ ಇದೆಯೇ ನೋಡಿ. ಬೇರೆಯವರು ಈಗಾಗಲೇ ತಿದ್ದಿರಬಹುದು. ಇದ್ದರೆ ಪೆನ್ಸಿಲ್ ಗುರುತು ಒತ್ತಿ. ಫೋರ್ಕ್ ಮಾಡಲೇ ಎಂದು ಕೇಳಿದರೆ ಒಪ್ಪಿಕೊಳ್ಳಿ. ಅದು ನಿಮ್ಮ ಖಾತೆಯಲ್ಲಿ ತೆಗೆದಿಡುವ ಪ್ರತಿ, ಮೂಲಕ್ಕೆ ಏನೂ ಆಗುವುದಿಲ್ಲ.

ಇಲ್ಲಿ ಕೀಲಿಮಣೆಯಿಂದ ಕೈ ತೆಗೆಯಿರಿ. ತಪ್ಪಾಗಿ ಕಂಡ ಪದ ವಾಕ್ಯದ ಭಾಗವೋ, ಕೋಡಿನ ಭಾಗವೋ?

ಉದಾಹರಣೆಗೆ, ಯಾವ ಪುಟದಿಂದ ಇಲ್ಲಿಗೆ ಬಂದಿರಿ ಎಂದು ಬ್ರೌಸರ್ ಸರ್ವರಿಗೆ ತಿಳಿಸುವ ಹೆಡರ್ 'ರೆಫರರ್'. ಇಂಗ್ಲಿಷಿನಲ್ಲಿ ಈ ಪದದ ನಡುವೆ ಎರಡು 'ಆರ್' ಬರಬೇಕು. 1996ರ ಎಚ್‌ಟಿಟಿಪಿ 1.0 ವಿವರಣೆಯಲ್ಲೇ ಒಂದು 'ಆರ್' ಇಲ್ಲ. ಅಷ್ಟರಲ್ಲಿ ಬ್ರೌಸರು, ಸರ್ವರುಗಳೆಲ್ಲ ಅದೇ ರೂಪಕ್ಕೆ ಒಗ್ಗಿಹೋಗಿದ್ದವು. 2022ರ ಎಚ್‌ಟಿಟಿಪಿ ವಿವರಣೆಯಾದ ಆರ್‌ಎಫ್‌ಸಿ 9110 ಕೂಡ, ಈ ಹೆಸರಿನ ಸ್ಪೆಲ್ಲಿಂಗ್ ತಪ್ಪು ಎಂದು ಹೇಳಿಯೇ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಇನ್ನೂ ಗೊಂದಲವೆಂದರೆ, ನಂತರ ಬಂದ 'ರೆಫರರ್ ಪಾಲಿಸಿ' ಹೆಡರಿನಲ್ಲಿ ಎರಡು 'ಆರ್' ಸರಿಯಾಗಿಯೇ ಇವೆ. ಒಂದೇ ಪುಟದಲ್ಲಿ ಎರಡೂ ರೂಪ ಕಂಡು, ಎರಡನ್ನೂ ಒಂದೇ ತೆರನಾಗಿಸಿ ಕಳಿಸಿದಿರೋ, ದಾಖಲೆ ಕೆಟ್ಟಿತು. ಅದನ್ನು ನಂಬಿ ಕೋಡ್ ಬರೆದವರ ಹೆಡರನ್ನು ಸರ್ವರ್ ಗುರುತಿಸುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಪಾಪ, ಅವರು ಎಲ್ಲಿ ಹುಡುಕಬೇಕು? ಯುನಿಕ್ಸ್‌ನಲ್ಲಿ ಕಡತ ಸೃಷ್ಟಿಸುವ 'ಕ್ರಿಯೇಟ್' ಕರೆಗೂ ಕೊನೆಯ 'ಇ' ಇಲ್ಲ. ಅದನ್ನೂ ಸೇರಿಸಬೇಡಿ.

ಹಾಗಾಗಿ ಬ್ಯಾಕ್‌ಟಿಕ್ ಗುರುತುಗಳ ನಡುವಿನ ಪದವನ್ನು, ಕೋಡ್ ಪೆಟ್ಟಿಗೆಯೊಳಗಿನದನ್ನು ಒಮ್ಮೆಲೇ ಮುಟ್ಟಬೇಡಿ. ಅನುಮಾನವಿದ್ದರೆ ಆ ಪದವನ್ನು ತಂತ್ರಾಂಶದ ಕೋಡಿನಲ್ಲಿ ಹುಡುಕಿ. ಅಲ್ಲಿ ಅದೇ ಸ್ಪೆಲ್ಲಿಂಗ್ ಇದ್ದರೆ ದಾಖಲೆಯಲ್ಲೂ ಅದೇ ಸರಿ. ಬ್ರಿಟಿಷ್, ಅಮೆರಿಕನ್ ಸ್ಪೆಲ್ಲಿಂಗ್ ಭೇದವನ್ನೂ ತಪ್ಪೆಂದು ಎಣಿಸಬೇಡಿ. ಆಯಾ ಯೋಜನೆಯ ಬರವಣಿಗೆ ನಿಯಮ ಓದಿಕೊಳ್ಳಿ.

ತಿದ್ದಿದ ಮೇಲೆ ಬದಲಾವಣೆಗಳನ್ನು ಕೆಂಪು, ಹಸಿರಿನಲ್ಲಿ ತೋರಿಸುವ ನೋಟ ತೆರೆಯಿರಿ. ನೀವು ಮುಟ್ಟಿದ್ದು ಒಂದು ಸಾಲಾದರೆ ಬಣ್ಣವೂ ಒಂದೇ ಸಾಲಿನಲ್ಲಿರಬೇಕು. ಕೆಲವು ಎಡಿಟರುಗಳು ಸಾಲಿನ ಕೊನೆಯ ಖಾಲಿ ಜಾಗವನ್ನು ತಾವಾಗಿ ಅಳಿಸುತ್ತವೆ. ಆದರೆ ಈ ಕಡತಗಳನ್ನು ಬರೆಯುವ ಮಾರ್ಕ್‌ಡೌನ್‌ ಶೈಲಿಯಲ್ಲಿ ಸಾಲಿನ ಕೊನೆಯ ಎರಡು ಸ್ಪೇಸ್ ಎಂದರೆ ಅಲ್ಲಿಗೆ ಸಾಲು ಮುರಿ ಎಂದರ್ಥ. ಕಮಿಟ್ ಸಂದೇಶದಲ್ಲಿ ಯಾವ ಪದ, ಯಾವ ಪುಟ ಎಂದು ಒಂದೇ ಸಾಲಿನಲ್ಲಿ ಬರೆದು, ತಿದ್ದುಪಡಿ ಸೇರಿಸಿಕೊಳ್ಳಿ ಎಂದು ಕೋರುವ ಪುಲ್ ರಿಕ್ವೆಸ್ಟ್ ಕಳಿಸಿ. ಒಂದು ಪುಟದ ಹತ್ತು ತಪ್ಪಿಗೆ ಹತ್ತು ರಿಕ್ವೆಸ್ಟ್ ಬೇಡ, ಒಂದೇ ಸಾಕು.

ರಿಕ್ವೆಸ್ಟುಗಳ ಎಣಿಕೆ ಹೆಚ್ಚಿಸಿಕೊಳ್ಳಲೆಂದು ಇದನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2020ರ ಅಕ್ಟೋಬರ್‌ನಲ್ಲಿ ನಡೆದ ಓಪನ್ ಸೋರ್ಸ್ ಉತ್ಸವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಬಹುಮಾನದ ಟೀ ಶರ್ಟಿನ ಆಸೆಗೆ ಬಂದ ಅರ್ಥವಿಲ್ಲದ ತಿದ್ದುಪಡಿಗಳು ನಿರ್ವಾಹಕರನ್ನು ಹೈರಾಣಾಗಿಸಿದವು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ಆಯೋಜಕರು ಆ ತಿಂಗಳ ಆರಂಭದಲ್ಲೇ ನಿಯಮ ಬದಲಿಸಬೇಕಾಯಿತು.

ಕೊನೆಗೊಂದು ಮಾತು: ಕೆಲವು ದಾಖಲೆಗಳು ಕೋಡಿನ ಕಮೆಂಟುಗಳಿಂದ ತಾವಾಗಿ ತಯಾರಾಗುತ್ತವೆ. ಅಂಥಲ್ಲಿ ಕಮೆಂಟನ್ನೇ ತಿದ್ದಿ. ಕನ್ನಡ ಅನುವಾದದ ತಪ್ಪು ಪಿಒ ಕಡತದಲ್ಲಿದ್ದರೆ ಮೂಲ ಪಠ್ಯವಿರುವ 'ಎಂಎಸ್‌ಜಿಐಡಿ' ಸಾಲು ಬಿಟ್ಟು, ಅನುವಾದವಿರುವ 'ಎಂಎಸ್‌ಜಿಎಸ್‌ಟಿಆರ್' ಸಾಲನ್ನಷ್ಟೇ ಬದಲಿಸಿ.